ಮೂರು ಸಲ 'ಇಲ್ಲ' ಎಂದ ಚೀಟಿ

ಮಗಳಿಗೂ ಮಗನಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವರ ತಾಯಿ ಸುತ್ತಿ ಬಳಸಿ ಹೇಳುತ್ತಿರಲಿಲ್ಲ. "ಮಗಳು ಕೊಳವೆಯೊಳಗೆ ಕಣ್ಣಿಟ್ಟು ಅದನ್ನ ನೋಡ್ತಾಳೆ, ಮಗ ಕೊಳವೆಯೊಳಗೆ ಕೋಲಿಟ್ಟು ಅದನ್ನ ನೂಕ್ತಾನೆ. ಇಬ್ಬರ ಹೊಟ್ಟೆಪಾಡೂ ಒಂದೇ ಪದಾರ್ಥದ ಮೇಲೆ ನಿಂತಿದೆ ನೋಡಿ" ಎನ್ನುತ್ತಿದ್ದಳು. ಕೇಳಿದವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಮಾತೇನೂ ಸುಳ್ಳಲ್ಲ. ತಮ್ಮ ಅಲ್ಲಿ ಪ್ಲಂಬರ್. ಅಕ್ಕ ನೆಲಮಾಳಿಗೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಲ ಪರೀಕ್ಷೆ ಮಾಡುವವಳು. ಡಾಕ್ಟರರಿಂದ ಹಿಡಿದು ಗೇಟಿನವನವರೆಗೆ ಎಲ್ಲರೂ ಅವಳನ್ನು ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಕೆಲಸದ ಬಗ್ಗೆ ಅವಳಿಗೆ ನಾಚಿಕೆಯಿರಲಿಲ್ಲ, ಸಣ್ಣದೊಂದು ಜಂಬವಿತ್ತು. ತನ್ನ ಕಣ್ಣು ತಪ್ಪಿಸಿ ಒಂದು ಹುಳುವಿನ ಮೊಟ್ಟೆಯೂ ದಾಟಿ ಹೋಗದು ಎಂಬ ಜಂಬ.

ಅದು ಮುರಿದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ನಾಲ್ಕನೇ ಮಹಡಿಯ ಮಕ್ಕಳ ವಾರ್ಡಿನ ಡಾಕ್ಟರಮ್ಮ, ಯಾವತ್ತೂ ಕೆಳಗಿಳಿಯದವಳು, ಕೈಯಲ್ಲೊಂದು ಮಾದರಿ ಡಬ್ಬಿ ಹಿಡಿದು ಖುದ್ದಾಗಿ ಬಂದು ನಿಂತಳು.

"ಲ್ಯಾಬಕ್ಕಾ, ಬೇಜಾರು ಮಾಡ್ಕೋಬೇಡಿ. ಇದನ್ನ ಇನ್ನೊಂದು ಸಲ ನೋಡ್ತೀರಾ?"

ಡಬ್ಬಿಯ ಮೇಲಿನ ನಂಬರು ನೋಡಿದ ಕೂಡಲೇ ಅಕ್ಕನಿಗೆ ಗುರುತು ಸಿಕ್ಕಿತು. ಮೂರನೇ ಹಾಸಿಗೆಯ ಆರು ವರ್ಷದ ಹುಡುಗಿ. ಬಾಯಿ ತೆರೆದರೆ ಮುಚ್ಚುವವಳಲ್ಲ ಎಂದು ನರ್ಸುಗಳೆಲ್ಲ ಸೇರಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು.

"ಮೂರು ಸಲ ನೋಡಿದೀನಿ ಮೇಡಂ. ಹುಳು ಇಲ್ಲ, ಮೊಟ್ಟೆ ಇಲ್ಲ, ಕೀವೂ ಇಲ್ಲ. ಮೂರು ಚೀಟಿಗೂ ನಾನೇ ಸೈನ್ ಹಾಕಿದ್ದು."

"ಗೊತ್ತು. ಆದ್ರೆ ಹದಿನೇಳು ದಿನದಿಂದ ಭೇದಿ ನಿಂತಿಲ್ಲ. ದಿನಕ್ಕೆ ಹತ್ತು, ಹನ್ನೆರಡು ಸಲ. ಹದಿನೈದು ಕೆಜಿ ಇದ್ದ ಮಗು ಹದಿಮೂರಕ್ಕೆ ಇಳಿದಿದೆ. ಅವಳೊಬ್ಬಳೇ ಅಲ್ಲ, ಈಗ ನಾಲ್ಕು ಮಕ್ಕಳಾದ್ರು. ಬ್ಯಾಕ್ಟೀರಿಯಾ ಅಂತ ಎರಡು ಔಷಧಿ ಕೊಟ್ಟೆ, ಜಪ್ಪಯ್ಯ ಅಂದ್ರೂ ನಿಲ್ತಿಲ್ಲ." ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು: "ರೇಡಿಯೋ ಎರಡು ದಿನದಿಂದ ಮಾತಾಡಿಲ್ಲ."

ಆ ವಾರ್ಡಿನದು ಬೇರೆಯೇ ಲೆಕ್ಕ. ಅಲ್ಲಿರುವ ಆರು ಮಕ್ಕಳಿಗೂ ರಕ್ತದ ಕ್ಯಾನ್ಸರ್. ಅದಕ್ಕೆ ಕೊಡುವ ಔಷಧಿ ಕಳ್ಳನನ್ನು ಹೊಡೆಯುವ ಭರದಲ್ಲಿ ಕಾವಲುಗಾರನನ್ನೂ ಹೊಡೆದು ಮಲಗಿಸುತ್ತದೆ. ಮೈಯಲ್ಲಿ ಕಾವಲೇ ಇಲ್ಲದಾಗ, ಬೇರೆಯವರ ಹೊಟ್ಟೆಯಲ್ಲಿ ಬಾಲ ಮುದುರಿಕೊಂಡು ಬಿದ್ದಿರುವ ಜೀವಿಗಳೂ ಹುಲಿಯಾಗುತ್ತವೆ.

ಡಾಕ್ಟರಮ್ಮ ಹೋದ ಮೇಲೆ ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. ನೀರು. ಬರೀ ನೀರು. ಒಂದು ಹನಿ ಗಾಜಿನ ಮೇಲಿಟ್ಟು ಎಂದಿನಂತೆ ನೋಡಿದಳು. ನಾಲ್ಕನೇ ಸಲವೂ ಏನೂ ಇಲ್ಲ. 'ಇಲ್ಲ' ಎಂದು ಬರೆಯಲು ಪೆನ್ನು ಎತ್ತಿದವಳ ಕೈ ಅಲ್ಲೇ ನಿಂತಿತು. ಕೀವಿಲ್ಲ, ರಕ್ತವಿಲ್ಲ, ಹದಿನೇಳು ದಿನ, ನಾಲ್ಕು ಮಕ್ಕಳು. ಏನೂ ಇಲ್ಲದೆ ಹೀಗಾಗುವುದುಂಟೆ? ಬೆಂಕಿಯಿಲ್ಲದೆ ಹೊಗೆಯಾಡೀತೆ?

ಪಕ್ಕದ ಮೇಜು ಕಫ ಪರೀಕ್ಷೆಯವನದು. ಕ್ಷಯದ ಕ್ರಿಮಿ ಹುಡುಕಲು ಅವನು ಬಳಸುವ ಕೆಂಪು ಬಣ್ಣದ ಬಾಟಲಿ ಎಂದಿನ ಜಾಗದಲ್ಲೇ ಇತ್ತು. ಅದರ ಮೇಲೆ ಕಣ್ಣು ಬಿದ್ದದ್ದೇ ತಡ, ಟ್ರೇನಿಂಗಿನ ದಿನಗಳ ಒಂದು ಮಧ್ಯಾಹ್ನ ಅವಳ ತಲೆಯೊಳಗೆ ಧುತ್ತೆಂದು ಎದ್ದು ಬಂತು. ಮುದಿ ಮೇಷ್ಟ್ರು ಭೇದಿ ತರಿಸುವ ಒಂದು ಸೂಕ್ಷ್ಮ ಪರೋಪಜೀವಿಯ ಸ್ಲೈಡು ತೋರಿಸುತ್ತ ಹೇಳಿದ್ದರು: "ಇದು ಸಾದಾ ಸ್ಲೈಡಲ್ಲಿ ಕಾಣಲ್ಲ. ನೀರಲ್ಲಿ ನೀರು ಬಿಟ್ಟ ಹಾಗೆ. ಆದ್ರೆ ಒಂದು ಸಲ ಕೆಂಪು ಕುಡೀತು ಅಂದ್ರೆ ಆಸಿಡ್ ಹಾಕಿ ತೊಳೆದ್ರೂ ಬಿಡಲ್ಲ." ಪರೀಕ್ಷೆಗೆ ಓದಿದ್ದು, ಪಾಸಾದ ಮೇಲೆ ಮರೆತದ್ದು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಅದನ್ನು ಹುಡುಕಿ ಎಂದು ಕೇಳಿರಲಿಲ್ಲ. ಗಟ್ಟಿಮುಟ್ಟಾದವರಿಗೆ ಅದು ಬಂದರೂ ಒಂದೆರಡು ವಾರ ಹೊಟ್ಟೆ ಕೆಡಿಸಿ ತಾನಾಗಿ ಹೋಗಿಬಿಡುತ್ತದೆ. ಅಷ್ಟಕ್ಕೆ ಯಾರು ಆಸ್ಪತ್ರೆಗೆ ಬರುತ್ತಾರೆ?

"ನಿನ್ನ ಕೆಂಪು ಸ್ವಲ್ಪ ತಗೋತೀನಿ" ಎಂದಳು ಕಫದವನಿಗೆ. ಅವನು ತಲೆಯೆತ್ತುವ ಮೊದಲೇ ಬಾಟಲಿ ಅವಳ ಮೇಜಿಗೆ ಬಂದಾಗಿತ್ತು.

ಮಾದರಿಯನ್ನು ಗಿರಗಿರ ತಿರುಗಿಸುವ ಯಂತ್ರದಲ್ಲಿಟ್ಟು, ತಳಕ್ಕೆ ಕೂತದ್ದನ್ನು ಗಾಜಿನ ಮೇಲೆ ತೆಳ್ಳಗೆ ಬಳಿದಳು. ಒಣಗಿಸಿದಳು. ಕೆಂಪು ಹಾಕಿದಳು. ಕ್ಷಯದ ಕ್ರಿಮಿಗೆ ಬಳಸುವಷ್ಟು ಖಾರದ ಆಸಿಡ್ ಇದಕ್ಕೆ ಕೂಡದು ಎಂಬುದು ನೆನಪಿತ್ತು. ತೆಳು ಮಾಡಿ ತೊಳೆದಳು. ಮೇಲೊಂದು ಪದರ ನೀಲಿ. ಎಣ್ಣೆಯ ಹನಿ ಬಿಟ್ಟು, ದೊಡ್ಡ ಮಸೂರ ತಿರುಗಿಸಿ, ಉಸಿರು ಬಿಗಿಹಿಡಿದು ಕಣ್ಣಿಟ್ಟಳು.

ನೀಲಿ. ಎಲ್ಲೆಲ್ಲೂ ನೀಲಿ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದಳು. ಮತ್ತೆ ನೀಲಿ.

ಆಮೇಲೆ, ಒಂದು ಗುಲಾಬಿ ಗುಂಡು.

ಅದರ ಪಕ್ಕ ಇನ್ನೊಂದು. ಇನ್ನಷ್ಟು ಸರಿಸಿದರೆ ಒಂದೇ ಕಡೆ ಏಳು, ಅಂಗಿಯಿಂದ ಉದುರಿದ ಗುಂಡಿಗಳ ಹಾಗೆ. ಒಳಗೆ ಸಣ್ಣ ಸಣ್ಣ ಕಪ್ಪು ಕಾಳು. ಅಕ್ಕನ ಎದೆ ಡವಡವ ಹೊಡೆದುಕೊಳ್ಳತೊಡಗಿತು. 'ತಾಳು, ತಾಳು, ಕುಣೀಬೇಡ. ಯೀಸ್ಟ್ ಇರಬಹುದು' ಎಂದು ತನಗೆ ತಾನೇ ಗದರಿಕೊಂಡು, ಮಸೂರದೊಳಗಿನ ಅಳತೆಗೆರೆಯಿಂದ ಅಳೆದಳು. ಕೆಂಪು ರಕ್ತಕಣಕ್ಕಿಂತ ತುಸು ಚಿಕ್ಕದು. ಎಲ್ಲವೂ ಒಂದೇ ಅಳತೆ, ಅಚ್ಚಿನಲ್ಲಿ ತೆಗೆದ ಹಾಗೆ. ಯೀಸ್ಟ್ ಅಲ್ಲ. ಮೊಗ್ಗಿಲ್ಲ, ಬಾಲವಿಲ್ಲ.

"ಸಿಕ್ಕಿಬಿಟ್ಟೆಯಲ್ಲೋ ಕಳ್ಳ!" ಎಂದು ಅವಳು ಕೂಗಿದ್ದಕ್ಕೆ ಕಫದವನ ಕೈಯಿಂದ ಗಾಜು ಜಾರಿತು.

ಉಳಿದ ಮೂವರು ಮಕ್ಕಳ ಮಾದರಿಗಳು ಫ್ರಿಜ್ಜಿನಲ್ಲಿದ್ದವು. ಒಂದರ ಹಿಂದೊಂದು ಬಣ್ಣ ಹಾಕಿದಳು. ಮೂರರಲ್ಲೂ ಅದೇ ಗುಲಾಬಿ. ಲಿಫ್ಟಿಗೆ ಕಾಯುವ ತಾಳ್ಮೆ ಯಾರಿಗಿದೆ? ಐವತ್ತರ ಮಂಡಿಯನ್ನು ಲೆಕ್ಕಿಸದೆ ಎರಡೆರಡು ಮೆಟ್ಟಿಲು ಹಾರುತ್ತ ನಾಲ್ಕನೇ ಮಹಡಿಗೆ ಓಡಿದಳು. ಡಾಕ್ಟರಮ್ಮನ ಮುಂದೆ ನಿಂತಾಗ ಮಾತು ಹೊರಡದೆ ನಾಲ್ಕು ಬೆರಳು ಎತ್ತಿ ತೋರಿಸಿದಳು.

"ನಾಲ್ಕರಲ್ಲೂ? ಏನು?"

"ಕ್ರಿಪ್ಟೋ... ಕ್ರಿಪ್ಟೋಸ್ಪೊರಿಡಿಯಂ."

ಡಾಕ್ಟರಮ್ಮ ಕೂಡಲೇ ಫೋನೆತ್ತಿ ಆ ದಿನ ನಾಲ್ಕು ಮಕ್ಕಳಿಗೂ ಕೊಡಬೇಕಿದ್ದ ಕ್ಯಾನ್ಸರ್ ಔಷಧಿ ತಡೆದಳು. "ಇದಕ್ಕೆ ಮಾತ್ರೆ ಇದೆ ಅಕ್ಕಾ, ಆದ್ರೆ ಈ ಮಕ್ಕಳಲ್ಲಿ ಅದೊಂದನ್ನೇ ನೆಚ್ಚೋಕಾಗಲ್ಲ. ಮೈಯ ಕಾವಲು ಎದ್ದು ಕೂರೋವರೆಗೂ ನೀರು, ಉಪ್ಪು ಕೊಡ್ತಾ ಮಕ್ಕಳನ್ನ ಉಳಿಸ್ಕೋಬೇಕು. ಕ್ಯಾನ್ಸರ್ ಸುಮ್ನಿದ್ರೆ ಸ್ವಲ್ಪ ದಿನ ಔಷಧಿ ಮುಂದಕ್ಕೆ ಹಾಕಬಹುದು. ಅಷ್ಟರಲ್ಲಿ ಮತ್ತೆ ಒಳಗೆ ಹೋಗಬಾರದು, ಅದೇ ಮುಖ್ಯ. ಎಲ್ಲಿಂದ ಬರ್ತಿದೆ ಇದು?"

"ನೀರಿಂದಲೇ ಇರಬೇಕು."

"ನೀರಿಗೆ ದಿನಾ ಕ್ಲೋರಿನ್ ಹಾಕ್ತಾರೆ. ಪುಸ್ತಕ ನೋಡಿದೀನಿ, ಒಂದು ದಿನವೂ ತಪ್ಪಿಲ್ಲ."

"ಕ್ಲೋರಿನ್ ಅಂದ್ರೆ ಇದಕ್ಕೆ ಸ್ನಾನ ಮಾಡಿಸಿದ ಹಾಗೆ ಮೇಡಂ. ಕುದಿಸಿದ್ರೆ ಮಾತ್ರ ಸಾಯೋದು."

ಇಬ್ಬರೂ ವಾರ್ಡಿಗೆ ಹೋದರು. ಕಿಟಕಿಯ ಬಿಸಿಲು ಆರು ಹಾಸಿಗೆಗಳ ಮೇಲೂ ಬಿದ್ದಿತ್ತು. ಅಕ್ಕ ಪ್ರತಿ ತಾಯಿಯನ್ನೂ ಕೇಳಿದಳು: ಏನು ತಿನ್ನಿಸಿದಿರಿ, ಏನು ಕುಡಿಸಿದಿರಿ, ಎಲ್ಲಿಂದ ತಂದಿರಿ. ಎಲ್ಲರದೂ ಒಂದೇ ಉತ್ತರ. ಬೇಯಿಸಿದ್ದು ಬಿಟ್ಟು ಬೇರೆ ಇಲ್ಲ, ಕುದಿಸಿದ ನೀರು ಬಿಟ್ಟು ಬೇರೆ ಇಲ್ಲ. ರೇಡಿಯೋಳ ತಾಯಿಗೆ ಸಿಟ್ಟೇ ಬಂತು.

"ಹಲ್ಲುಜ್ಜೋಕೂ ಕುದಿಸಿ ಆರಿಸಿದ ನೀರೇ ಕೊಡ್ತೀನಿ ಅಕ್ಕಾ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀನಿ. ಇನ್ನೇನು ಮಾಡ್ಬೇಕಿತ್ತು ನಾನು?"

ಅಕ್ಕ ಮಗುವಿನ ಕಡೆ ಬಗ್ಗಿ ನೋಡಿದಳು. ಹಾಸಿಗೆಯಲ್ಲಿ ಮಲಗಿದ್ದ ರೇಡಿಯೋಳ ಕೆನ್ನೆ ಒಳಗಿಳಿದಿತ್ತು. ತುಟಿಯ ತುಂಬ ಹುಣ್ಣು. ಅದೂ ಆ ಔಷಧಿಯದೇ ಕಾಣಿಕೆ. ಮಗು ತಾಯಿಯ ಸೆರಗು ಹಿಡಿದು ಜಗ್ಗಿತು. ತುಟಿ ಅಲುಗಿತು.

"ಐಸು."

"ಕೊಡ್ತೀನಿ ಕಂದಾ" ಎಂದ ತಾಯಿ ಸ್ಟೀಲಿನ ಲೋಟದಿಂದ ಒಂದು ಐಸಿನ ಚೂರು ತೆಗೆದು ಮಗುವಿನ ನಾಲಿಗೆಯ ಮೇಲಿಡಲು ಹೋದಳು. "ಬಾಯಿ ಹುಣ್ಣಿಗೆ ಇದೊಂದೇ ಹಾಯಾಗಿರೋದು."

"ಬೇಡ!"

ಅಕ್ಕ ಕಿರುಚಿದ ರಭಸಕ್ಕೆ ಇಡೀ ವಾರ್ಡು ತಿರುಗಿ ನೋಡಿತು. ಚೂರು ನೆಲಕ್ಕೆ ಬಿತ್ತು. ಅಕ್ಕ ಆ ತಾಯಿಯ ಕೈ ಹಿಡಿದುಕೊಂಡಳು. "ಈ ಐಸು ಎಲ್ಲಿಂದ?"

"ಕಾರಿಡಾರಿನ ಕೊನೇಲಿ ಮೆಷಿನ್ ಇದೆಯಲ್ಲ... ಎಲ್ಲಾ ಮಕ್ಕಳಿಗೂ ಅಲ್ಲಿಂದಲೇ..."

"ಎಲ್ಲಾ ಮಕ್ಕಳಿಗೂನಾ?" ಅಕ್ಕ ಭೇದಿಯಿಲ್ಲದ ಇಬ್ಬರ ಕಡೆ ತಿರುಗಿದಳು. ಒಬ್ಬ ಮೊನ್ನೆಯಷ್ಟೇ ಬಂದು ಸೇರಿದವನು. ಇನ್ನೊಬ್ಬಳು ಹತ್ತು ವರ್ಷದವಳು, ಎರಡು ತಿಂಗಳಿಂದ ಇಲ್ಲೇ ಇರುವವಳು. "ನೀನು ಐಸ್ ತಿಂತೀಯಾ ಪುಟ್ಟಿ?"

ಹುಡುಗಿ ಮುಖ ಕಿವುಚಿದಳು. "ಥೂ, ಇಲ್ಲ ಆಂಟಿ. ಹಲ್ಲು ಜುಮ್ ಅನ್ನುತ್ತೆ."

ಡಾಕ್ಟರಮ್ಮನೂ ಲ್ಯಾಬಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀರನ್ನು ಕುದಿಸಿ ಕುದಿಸಿ ಕುಡಿಸಿದ ತಾಯಂದಿರು, ಐಸೂ ನೀರೇ ಎಂಬುದನ್ನು ಯೋಚಿಸಿರಲಿಲ್ಲ. ತಾಯಂದಿರು ಯಾಕೆ, ಡಾಕ್ಟರಮ್ಮನೂ ಯೋಚಿಸಿರಲಿಲ್ಲ. ಐಸ್ ಕೊಡಿ ಎಂದು ಚೀಟಿ ಬರೆದವಳೇ ಅವಳು.

ಐದು ನಿಮಿಷದಲ್ಲಿ ತಮ್ಮ ಬಂದ. ಹೆಗಲಿಗೆ ಸಾಮಾನಿನ ಚೀಲ. "ಏನಕ್ಕಾ, ಫೋನಲ್ಲಿ ಹಾಗೆ ಕೂಗಿದೆ? ಕಟ್ಟಡ ಬಿತ್ತೇನೋ ಅಂದ್ಕೊಂಡೆ."

"ಈ ಮೆಷಿನ್ ಬಿಚ್ಚು."

ಅದು ಎದೆಯೆತ್ತರದ ಐಸ್ ಮೆಷಿನ್. ಮೇಲ್ಭಾಗದಲ್ಲಿ ಐಸ್ ಆಗುತ್ತದೆ, ಕೆಳಗಿನ ಪೆಟ್ಟಿಗೆಗೆ ಉದುರುತ್ತದೆ, ಬೇಕಾದವರು ಸೌಟಿನಲ್ಲಿ ಮೊಗೆದುಕೊಳ್ಳುತ್ತಾರೆ. ತಮ್ಮ ಮೊದಲು ನೀರು ಬರುವ ಪೈಪು ಮುಟ್ಟಿ ನೋಡಿದ. ಅದರಲ್ಲಿ ಏನೂ ತಪ್ಪಿಲ್ಲ. ಆಮೇಲೆ ಕರಗಿದ ನೀರು ಹೊರಹೋಗುವ ಪೈಪಿಗಾಗಿ ಮೆಷಿನ್ನಿನ ಹಿಂದೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಏನೋ? ಏನಿದೆ ಅಲ್ಲಿ?"

"ಅಕ್ಕಾ, ಈ ಮಕ್ಕಳಿಗೆ ಎಷ್ಟು ದಿನದಿಂದ ಭೇದಿ?"

"ರೇಡಿಯೋಗೆ ಹದಿನೇಳು ದಿನ. ಉಳಿದವರಿಗೆ ಆಮೇಲೆ. ಹೊಟ್ಟೆಗೆ ಹೋಗಿ ಒಂದು ವಾರಕ್ಕೆ ಶುರುವಾಗುತ್ತೆ ಇದು. ಅಂದ್ರೆ ಇಪ್ಪತ್ನಾಲ್ಕು, ಇಪ್ಪತ್ತೈದು ದಿನದ ಹಿಂದೆ ಏನೋ ಆಗಿದೆ."

"ಅಮ್ಮನ ಕಣ್ಣಿನ ಆಪರೇಷನ್ ಯಾವತ್ತಾಯ್ತು?"

ಅಕ್ಕ ಬೆರಳು ಮಡಿಸಿದಳು. ಇಪ್ಪತ್ತೈದು ದಿನ. ಅವತ್ತು ತಮ್ಮ ಎರಡು ಗಂಟೆ ತಡವಾಗಿ, ಮಂಡಿವರೆಗೂ ಒದ್ದೆಯಾಗಿ ಬಂದು ಅಮ್ಮನಿಂದ ಬೈಸಿಕೊಂಡದ್ದು ಅವಳಿಗೂ ನೆನಪಿತ್ತು.

"ಅವತ್ತು ಈ ಮಹಡಿ ಮೋರಿ ಕಟ್ಕೊಂಡಿತ್ತು. ಮೇಲಿನ ಕಕ್ಕಸಿನ ನೀರೆಲ್ಲ ಇಲ್ಲಿಗೇ ಉಕ್ಕಿತ್ತು. ನಾನೇ ಬಿಡಿಸಿದ್ದು. ನೆಲ ತೊಳೆಸಿ ಹೋದೆ. ಆದ್ರೆ..." ತಮ್ಮ ಪೈಪಿನ ತುದಿ ತೋರಿಸಿದ. ಅದು ನೇರವಾಗಿ ಮೋರಿಯ ಬಾಯೊಳಗೆ ಗೇಣುದ್ದ ಇಳಿದಿತ್ತು. "ಇದು ಮೋರಿಯಿಂದ ನಾಲ್ಕು ಬೆರಳು ಮೇಲೆ ನಿಲ್ಲಬೇಕು ಅಕ್ಕಾ. ಒಳಗೆ ತೂರಿಸಿದ್ರೆ, ಮೋರಿ ಉಕ್ಕಿದಾಗ ಹೊಲಸು ಇದರಲ್ಲೇ ಹತ್ತಿ ಐಸಿನ ಪೆಟ್ಟಿಗೆ ಸೇರುತ್ತೆ. ಹೊರಗೆ ಯಾರಿಗೂ ಕಾಣೋದೂ ಇಲ್ಲ."

"ಯಾವ ಪುಣ್ಯಾತ್ಮ ತೂರಿಸಿದ್ದು?"

ತಮ್ಮನ ಮುಖ ಸುಣ್ಣದ ಹಾಗಾಯಿತು. "ನಾನೇ. ನಾಲ್ಕು ವರ್ಷದ ಹಿಂದೆ. ನೀರು ಸಿಡಿದು ನೆಲ ಜಾರುತ್ತೆ ಅಂತ ನರ್ಸಮ್ಮ ಗೋಳಾಡಿದ್ಲು. ಒಂದು ತುಂಡು ಸೇರಿಸಿ ಒಳಗೆ ಬಿಟ್ಟೆ. ತಪ್ಪು ಅಂತ ಗೊತ್ತಿತ್ತು. ಆಮೇಲೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ." ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. "ಅವತ್ತು ಸೆಖೆ ಅಂತ ನನ್ನ ಬಾಟಲಿಗೂ ಇದೇ ಐಸು ಹಾಕ್ಕೊಂಡಿದ್ದೆ. ನನಗೂ ಒಂದು ವಾರ ಹೊಟ್ಟೆ ಕೆಟ್ಟಿತ್ತಲ್ಲ, ರಸ್ತೆ ಬದಿ ತಿಂತೀಯ ಅಂತ ನೀನು ಬೈದೆಯಲ್ಲ. ನನಗೆ ವಾಸಿಯಾಯ್ತು. ಆ ಮಕ್ಕಳಿಗೆ..."

ಅಕ್ಕನ ಕಾಲು ನಿಲ್ಲುತ್ತಿರಲಿಲ್ಲ, ಕೈ ನಿಲ್ಲುತ್ತಿರಲಿಲ್ಲ. ವಾಸನೆ ಹಿಡಿದ ನಾಯಿಯ ಹಾಗೆ ಅವಳೊಳಗೆ ಏನೋ ಮುಂದಕ್ಕೆ ಜಗ್ಗುತ್ತಿತ್ತು. ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

"ನಾನು ಮೂರು ಸಲ 'ಇಲ್ಲ' ಅಂತ ಬರೆದಿದೀನಿ. ನಿನಗಿಂತ ನಾನೇನು ಕಮ್ಮಿ? ಸಾಯಂಕಾಲ ಮನೇಲಿ ಇಬ್ಬರೂ ಕೂತು ಅಳೋಣ, ಅಮ್ಮನೂ ಜೊತೆಗಿರ್ತಾಳೆ. ಈಗ ಪೆಟ್ಟಿಗೆ ಬಿಚ್ಚು. ತಳದ ಲೋಳೆ ಬೇಕು ನನಗೆ."

ಐಸೆಲ್ಲ ಬಕೆಟ್ಟಿಗೆ ಬಿತ್ತು. ಬರಿದಾದ ಪೆಟ್ಟಿಗೆಯ ಮೂಲೆಯಲ್ಲಿ, ನೀರು ಇಳಿಯುವ ತೂತಿನ ಸುತ್ತ, ಕಂದು ಬಣ್ಣದ ತೆಳು ಲೋಳೆ ಅಂಟಿತ್ತು. ಅಕ್ಕ ಹತ್ತಿಯ ಕಡ್ಡಿಯಿಂದ ಅದನ್ನು ಕೆರೆದು ಮೂರು ಕೊಳವೆಗಳಲ್ಲಿ ತುಂಬಿಕೊಂಡಳು. ಡಾಕ್ಟರಮ್ಮ ಮೆಷಿನ್ನಿಗೆ 'ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿ, ವಿದ್ಯುತ್ತಿನ ಪ್ಲಗ್ಗನ್ನೂ ಕಿತ್ತಳು.

ನೆಲಮಾಳಿಗೆಯಲ್ಲಿ ಮತ್ತೆ ಅದೇ ಪೂಜೆ: ಕೆಂಪು, ಆಸಿಡ್, ನೀಲಿ. ತಮ್ಮ ಕೆಲಸ ಬಿಟ್ಟು ಅವಳ ಬೆನ್ನ ಹಿಂದೆ ನಿಂತಿದ್ದ. ಕಫದವನೂ ತನ್ನ ಸ್ಟೂಲು ಎಳೆದುಕೊಂಡು ಬಂದ. ಮೊದಲ ಸ್ಲೈಡು ನೋಡಲು ಇಪ್ಪತ್ತು ನಿಮಿಷ ಹಿಡಿಯಿತು. ಏನೂ ಇಲ್ಲ.

"ಇಲ್ವಾ?" ತಮ್ಮನ ದನಿಯಲ್ಲಿ ಆಸೆಯಿತ್ತೋ ನಿರಾಸೆಯಿತ್ತೋ ಅವನಿಗೇ ತಿಳಿಯದು.

"ಸುಮ್ನಿರು."

ಎರಡನೆಯದು. ಬೂಸ್ಟು, ಕಸ, ಯಾವುದೋ ಎಳೆ. ನೀಲಿ, ನೀಲಿ, ನೀಲಿ. ಸ್ಲೈಡಿನ ಅಂಚಿಗೆ ಬಂದಾಗ ಅಕ್ಕನ ಬೆನ್ನು ನೆಟ್ಟಗಾಯಿತು. ಅವಳು ಕುರ್ಚಿಯಿಂದ ಎದ್ದು ತಮ್ಮನನ್ನು ಅದರಲ್ಲಿ ಕೂರಿಸಿದಳು. "ಎಡಗಣ್ಣು ಮುಚ್ಚಬೇಡ. ಎರಡನ್ನೂ ಬಿಟ್ಟು ನೋಡು. ನಡುವಲ್ಲಿ."

ಹದಿನೆಂಟು ವರ್ಷ ಒಂದೇ ಕಟ್ಟಡದಲ್ಲಿ ದುಡಿದರೂ ತಮ್ಮ ಒಮ್ಮೆಯೂ ಅಕ್ಕನ ಕುರ್ಚಿಯಲ್ಲಿ ಕೂತು ನೋಡಿದವನಲ್ಲ. "ಗುಲಾಬಿ... ಎರಡಿವೆ" ಎಂದ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇದಾ? ಇಷ್ಟು ಮುದ್ದಾಗಿದೆ, ಹಾಳಾದ್ದು!"

ಕಫದವನು ಚಪ್ಪಾಳೆ ತಟ್ಟಿದ. ಅಕ್ಕ ನಗಲು ಹೋಗಿ, ಅಳು ಬಂದು, ಎರಡನ್ನೂ ಒಟ್ಟಿಗೆ ಮಾಡಿದಳು.

ಸಂಜೆಯ ತನಕ ಕಾಯದೆ ಇಬ್ಬರೂ ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದರು. ತಮ್ಮ ಪೈಪಿನ ವಿಷಯವನ್ನು ಒಂದಕ್ಷರ ಮುಚ್ಚಿಡದೆ ಹೇಳಿದ. ಕೆಲಸ ಹೋದರೆ ಹೋಗಲಿ ಎಂದೇ ಹೊರಟಿದ್ದ. ಡಾಕ್ಟರಮ್ಮ ಕೇಳಿಸಿಕೊಂಡು, "ಐಸ್ ಚೀಟಿ ಬರೆದದ್ದು ನಾನು. ಮೂವರೂ ಸೇರಿ ಒಂದೇ ಕಾಗದದಲ್ಲಿ ಬರೆಯೋಣ" ಎಂದಳು. ಬರೆದರು. ಸೂಪರಿಂಟೆಂಡೆಂಟ್ ಆ ಕಾಗದ ಎರಡು ಸಲ ಓದಿ, ಮೊದಲು ಕೆಂಡವಾದರು, ಆಮೇಲೆ ತಣ್ಣಗಾದರು. ತಮ್ಮನಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅವನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ನಾಲ್ಕು ತಾಯಂದಿರಿಗೆ ಹೇಳುವುದು ಅದಕ್ಕಿಂತ ಕಷ್ಟವಿತ್ತು. ತಮ್ಮ ತಾನೇ ಹೋಗಿ ಹೇಳಿದ. ಮೂವರು ತಮ್ಮ ಮಕ್ಕಳ ಹಾಸಿಗೆಯ ಕಡೆ ತಿರುಗಿಕೊಂಡರು. ರೇಡಿಯೋಳ ತಾಯಿ ಮಾತ್ರ ಅವನನ್ನು ಚೆನ್ನಾಗಿ ಬೈದಳು, ಉಸಿರು ಕಟ್ಟುವಷ್ಟು. ಬೈದು ಮುಗಿಸಿ ಮುಖ ಒರೆಸಿಕೊಂಡು, "ನನ್ನ ಕೈಯಿಂದಲೇ ತಿನ್ನಿಸ್ತಿದ್ದೆನಲ್ಲಪ್ಪಾ. ಇನ್ನೂ ಎಷ್ಟು ದಿನ ತಿನ್ನಿಸ್ತಿದ್ದೆನೋ" ಎಂದಳು.

ಆಮೇಲಿನ ದಿನಗಳು ಏಣಿ ಹತ್ತಿದ ಹಾಗೆ, ಒಂದೊಂದೇ ಮೆಟ್ಟಿಲು. ಅಡುಗೆಮನೆಯವರು ಕುದಿಸಿದ ನೀರನ್ನು ಮುಚ್ಚಿದ ತಟ್ಟೆಗಳಲ್ಲಿಟ್ಟು ಐಸು ಮಾಡಿ ಕಳಿಸತೊಡಗಿದರು. ಕಾವಲುಗಾರ ಮೆಲ್ಲಗೆ ಎದ್ದು ಕೂತ. ಎಂಟನೇ ದಿನ ಒಂದು ಮಗುವಿನ ಭೇದಿ ನಿಂತಿತು, ಹತ್ತನೇ ದಿನ ಇನ್ನೊಂದರದು. ಹನ್ನೆರಡನೇ ದಿನ ಬೆಳಿಗ್ಗೆ ಅಕ್ಕ ವಾರ್ಡಿನ ಬಾಗಿಲಲ್ಲಿ ಕಾಲಿಟ್ಟಾಗ, ಮೂರನೇ ಹಾಸಿಗೆಯಿಂದ ನರ್ಸಿಗೆ ತಕರಾರು ಹೇಳುವ ಸಣ್ಣ ದನಿ ಕೇಳಿಸಿತು. ತಲೆದಿಂಬು ಸರಿಯಿಲ್ಲ, ಕಿಟಕಿ ಪರದೆ ಸರಿಯಿಲ್ಲ, ನಿನ್ನೆಯ ಕಥೆ ಅರ್ಧಕ್ಕೇ ನಿಂತಿದೆ. ನಾಲ್ಕನೇ ಮಗು ಎಲ್ಲರನ್ನೂ ಹೆದರಿಸಿತು. ಅವನಿಗೆ ಐದು ವಾರ ಬೇಕಾಯಿತು, ನಡುವೆ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ಅವನೂ ಗೆದ್ದ. ನಾಲ್ವರಿಗೂ ತಡೆದಿದ್ದ ಕ್ಯಾನ್ಸರ್ ಔಷಧಿ ಮತ್ತೆ ಶುರುವಾಯಿತು.

ಅಷ್ಟರಲ್ಲಿ ಲ್ಯಾಬಕ್ಕನ ಮೇಜಿಗೆ ಸ್ವಂತದ ಕೆಂಪು ಬಾಟಲಿ ಬಂದಿತ್ತು. ಕಾವಲು ಕುಸಿದ ಯಾವ ಮಗುವಿಗೆ ಭೇದಿಯಾದರೂ, ಯಾರೂ ಕೇಳದಿದ್ದರೂ, ಆ ಬಣ್ಣ ಹಾಕಿಯೇ ಚೀಟಿ ಬರೆಯಬೇಕೆಂಬ ನಿಯಮವಾಯಿತು. ತಮ್ಮನಿಗೆ ಬಂದ ಆದೇಶ ಇನ್ನೂ ದೊಡ್ಡದು: ಆಸ್ಪತ್ರೆಯಲ್ಲಿರುವ ಹನ್ನೊಂದು ಐಸ್ ಮೆಷಿನ್‌ಗಳನ್ನೂ, ನೀರಿನ ಕೂಲರ್‌ಗಳನ್ನೂ ಒಂದೂ ಬಿಡದೆ ಬಿಚ್ಚಿ ನೋಡು.

ಅವನು ಗರಗಸ ಹಿಡಿದು ಮಹಡಿಯಿಂದ ಮಹಡಿಗೆ ಹೊರಟ. ಒಂದೊಂದು ಮೆಷಿನ್ನಿನ ಹಿಂದೆ ಬಗ್ಗಿದಾಗಲೂ ಅಕ್ಕನಿಗೆ ಫೋನು. ಎರಡನೇ ಮಹಡಿಯದು ಸರಿಯಿತ್ತು. ಐದನೆಯದೂ ಸರಿಯಿತ್ತು. ಏಳನೇ ಮಹಡಿಯಿಂದ ಫೋನು ಬಂದಾಗ ಅಕ್ಕ ಟೀ ಲೋಟ ಎತ್ತಿದ್ದಳಷ್ಟೇ.

"ಅಕ್ಕಾ, ಇಲ್ಲೂ ಪೈಪು ಮೋರಿಯೊಳಗೇ ಇದೆ! ಇದನ್ನ ನಾನು ಮಾಡಿದ್ದಲ್ಲ, ಅಮ್ಮನಾಣೆ."

"ಯಾರು ಮಾಡಿದ್ರೇನು, ಮುಟ್ಟಬೇಡ. ಕಡ್ಡಿ, ಕೊಳವೆ ತಗೊಂಡು ಬಂದೆ."

ಟೀ ಅಲ್ಲೇ ಉಳಿಯಿತು. ಅಕ್ಕ ಮೆಟ್ಟಿಲು ಹತ್ತುತ್ತಿದ್ದಳು.